ಗೇನರ್ ಥ್ರೆಲ್‌ಫಾಲ್ ಸಹಿ ಹಾಕಲಿಲ್ಲ

ಗೇನರ್ ಥ್ರೆಲ್‌ಫಾಲ್ ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವಳ ಪರವಾಗಿ ಮಾತಾಡುವುದನ್ನು ಕೇಳಿ, ಇವಳು ಅವಳ ಗೆಳತಿಯೇ ಇರಬೇಕು ಎಂದು ನೀವು ತಿಳಿದುಕೊಳ್ಳಬಾರದು. ಕಡಲ ತೀರದ ಫ್ಲೀಟ್‌ವುಡ್ಡಿನ ಒಂದು ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ನಾನು ಮುಖ್ಯ ಅಡುಗೆಯವಳು. ಆಲೂಗಡ್ಡೆ ಸುಲಿಯುವುದು, ಮಕ್ಕಳಿಗೆ ಬಡಿಸುವುದು, ಪಾತ್ರೆ ತೊಳೆಯುವುದು ಅವಳ ಕೆಲಸ. ವರ್ಷಗಟ್ಟಲೆ ಒಂದೇ ಸಿಂಕಿನ ಮುಂದೆ ನಿಂತರೂ ನಾವು ಒಬ್ಬರ ಮನೆಗೆ ಒಬ್ಬರು ಹೋದವರಲ್ಲ.

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗುಡ್ ಮಾರ್ನಿಂಗ್ ಅಂದರೆ, "ಎಲ್ಲಿಂದ ಬಂತು ಗುಡ್ಡು? ಹೊರಗೆ ಗಾಳಿ ನೋಡಿದ್ಯಾ?" ಅನ್ನುವವಳು. ಆದರೆ ನಮಗೆ ಅವಳ ಮೇಲೆ ಉರಿ ಇದ್ದದ್ದು ಬಾಯಿಗಾಗಿ ಅಲ್ಲ, ಗಡಿಯಾರಕ್ಕಾಗಿ. ಕೆಲಸದ ಹೊತ್ತು ಮುಗಿಯಿತೋ, ಕೈಯಲ್ಲಿದ್ದ ಬಾಣಲೆಯನ್ನು ಅರ್ಧ ಉಜ್ಜಿದಂತೆಯೇ ನೊರೆಯಲ್ಲಿ ಬಿಟ್ಟು, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ನಡೆದುಬಿಡುತ್ತಿದ್ದಳು. ಶಾಲೆಯ ಕ್ರಿಸ್‌ಮಸ್ ಊಟದ ದಿನ ಮೇಷ್ಟರುಗಳೇ ತೋಳು ಮಡಚಿ ಬಡಿಸಲು ನಿಲ್ಲುತ್ತಾರೆ, ಎಲ್ಲರೂ ಒಂದು ಗಂಟೆ ಹೆಚ್ಚು ದುಡಿಯುತ್ತಾರೆ. ಅಂಥ ದಿನವೂ ಗೇನರ್ ಟರ್ಕಿ ಕೋಳಿಯ ಮೇಲೆ ಗ್ರೇವಿ ಹಾಕುತ್ತಿದ್ದವಳು ಸೌಟನ್ನು ಪಕ್ಕದವಳ ಕೈಗೆ ತುರುಕಿ ಹೊರಟಳು. ಸಾಲಿನಲ್ಲಿದ್ದ ಮಗು ಬಾಯಿ ಬಿಟ್ಟು ನೋಡುತ್ತಿತ್ತು.

"ರಾಣಿಯವರ ಸವಾರಿ ಹೊರಟಿತು," ಎಂದಳು ನಮ್ಮ ಅಡುಗೆಮನೆಯ ಟ್ರೂಡಿ, ಅವಳಿಗೆ ಕೇಳಲೆಂದೇ.

"ನಿನ್ನ ಹಾಗೆ ಮನೇಲಿ ಬೆಕ್ಕು ಸಾಕಿಕೊಂಡಿಲ್ಲ ಕಣೇ ನಾನು," ಎಂದು ಗೇನರ್ ಬಾಗಿಲು ಬಡಿದುಕೊಂಡು ಹೋದಳು.

ಅವಳು ಸಾಕಿಕೊಂಡಿದ್ದದ್ದು ಅಣ್ಣನನ್ನು. ಅವರಪ್ಪ ಮೀನಿನ ದೋಣಿಗೆ ಹೋಗುತ್ತಿದ್ದವನು. ದೋಣಿಗಳು ನಿಂತುಹೋದ ಮೇಲೆ ಅಪ್ಪ ಕುಡಿದು ಸತ್ತ, ಅಮ್ಮ ಮೀನು ಪೆಟ್ಟಿಗೆಗೆ ತುಂಬುವ ಕೆಲಸ ಮಾಡಿ ಬೆನ್ನು ಮುರಿದುಕೊಂಡು ಸತ್ತಳು. ಉಳಿದವನು ನೆವಿಲ್. ಆಳು ದೊಡ್ಡವನು, ಮಾತು ಸಣ್ಣ ಹುಡುಗನದು. ಅವನಿಗೆ ಮೂರ್ಛೆ ರೋಗ. ಯಾವಾಗ, ಎಲ್ಲಿ ಬೀಳುತ್ತಾನೆ ಎಂದು ಹೇಳುವಂತಿಲ್ಲ. ಒಮ್ಮೆ ಒಲೆಯ ಮೇಲೇ ಬಿದ್ದು ಕೈ ಸುಟ್ಟುಕೊಂಡಿದ್ದ. ಗೇನರ್‌ಳ ಗಂಡ ಥ್ರೆಲ್‌ಫಾಲ್ ಟ್ರಾಮ್ ಓಡಿಸುತ್ತಿದ್ದವನು. ಒಂದು ದಿನ ಅವನು, "ಈ ಮನೇಲಿ ಅವನಿರಬೇಕು ಇಲ್ಲ ನಾನಿರಬೇಕು," ಎಂದನಂತೆ. ಇವಳು ಮಾತಾಡದೆ ಅವನ ಬೂಟುಗಳನ್ನು ತೆಗೆದು ಹೊಸ್ತಿಲಾಚೆ ಇಟ್ಟಳಂತೆ. ಈ ಕಥೆಯನ್ನು ಊರು ಅವಳ ಗಯ್ಯಾಳಿತನಕ್ಕೆ ಉದಾಹರಣೆಯಾಗಿ ಹೇಳುತ್ತಿತ್ತು. ನಾನೂ ಹೇಳಿದ್ದೇನೆ.

ಹೀಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಸರ್ಕಾರ ವಾರಕ್ಕಿಷ್ಟು ಎಂದು ಆರೈಕೆ ಭತ್ಯೆ ಕೊಡುತ್ತದೆ. ಅದರ ಬಾಲಕ್ಕೆ ಒಂದು ಗಂಟು ಇದೆ ಎಂದು ನನಗೆ ಗೊತ್ತಾದದ್ದು ಒಂದು ಏಪ್ರಿಲ್‌ನಲ್ಲಿ. ಆ ತಿಂಗಳು ಸರ್ಕಾರ ಕನಿಷ್ಠ ಕೂಲಿಯನ್ನು ಏರಿಸಿತ್ತು. ಅಡುಗೆಮನೆಯಲ್ಲಿ ಎಲ್ಲರಿಗೂ ಸಂತೋಷ. ಟ್ರೂಡಿ ನಿಂಬೆಹಣ್ಣಿನ ಕೇಕ್ ಮಾಡಿಕೊಂಡು ಬಂದಿದ್ದಳು. ನಾನು ಮಾಂಸದ ಆರ್ಡರಿಗೆ ಸಹಿ ಹಾಕಿಸಲು ಹೆಡ್‌ಮಾಸ್ಟರ್ ಕ್ಯಾಟರಾಲ್ ಅವರ ಕೋಣೆಗೆ ಹೋದರೆ ಅಲ್ಲಿ ಗೇನರ್ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಿದ್ದಳು.

"ನನಗೆ ಈ ಏರಿಕೆ ಬೇಡ ಸಾರ್."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಹಳೇ ಸಂಬಳವೇ ಕೊಡಿ."

"ಹಳೇದು ಕೊಟ್ರೆ ಪೊಲೀಸ್ ನನ್ನನ್ನ ಹುಡುಕ್ಕೊಂಡು ಬರ್ತಾರೆ ಗೇನರ್. ಇದು ಕಾನೂನು. ನೀವು ಬೇಡ ಅಂದ್ರೂ ಕೊಡಲೇಬೇಕು."

"ಹಂಗಾದ್ರೆ ನನ್ನ ಹೊತ್ತು ಕಮ್ಮಿ ಮಾಡಿ. ವಾರಕ್ಕೆ ಅರ್ಧ ಗಂಟೆ ತೆಗೆದ್ರೆ ಸಾಕು."

"ಅದನ್ನ ಕೌನ್ಸಿಲ್‌ನವರು ಸೆಪ್ಟೆಂಬರ್‌ನಲ್ಲಿ ಮಾತ್ರ ಬದಲಾಯಿಸ್ತಾರೆ. ನನ್ನ ಕೈಲಿಲ್ಲ."

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಕೇಳಿದೆ. "ಹುಚ್ಚು ಹಿಡಿದಿದ್ಯಾ ನಿನಗೆ? ಬರೋ ದುಡ್ಡಿಗೆ ಕಾಲಲ್ಲಿ ಒದೀತೀಯಲ್ಲ!"

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. "ವಾರಕ್ಕೆ ಇಷ್ಟೇ ದುಡೀಬೇಕು ಅಂತ ಒಂದು ಗೆರೆ ಹಾಕಿದಾರೆ ಜಾನಿಸ್. ಗೆರೆ ಒಳಗಿದ್ರೆ ಭತ್ಯೆ ಪೂರ್ತಿ. ಒಂದು ಪೆನ್ನಿ ಆ ಕಡೆ ಹೋದ್ರೆ ಪೂರ್ತಿ ಇಲ್ಲ."

"ಪೆನ್ನಿ ಜಾಸ್ತಿ ಆದ್ರೆ ಪೆನ್ನಿ ಹಿಡ್ಕೊಳ್ಳಲಿ."

"ಅಷ್ಟು ಬುದ್ಧಿ ಇದ್ದಿದ್ರೆ ಅವರು ಪಾರ್ಲಿಮೆಂಟಲ್ಲಿ ಯಾಕೆ ಕೂತಿರ್ತಿದ್ರು? ಕೂಲಿ ಏರಿಸಿದ್ರು, ಗೆರೆ ಏರಿಸಲಿಲ್ಲ. ಒಂದು ಕೈಲಿ ಕೊಟ್ಟು ಎರಡು ಕೈಲಿ ಕಿತ್ಕೊಳ್ಳೋದು ಅಂದ್ರೆ ಇದೇ."

ಅವಳು ಹೊತ್ತಿಗೆ ಸರಿಯಾಗಿ ಬಾಣಲೆ ಬಿಟ್ಟು ಹೋಗುತ್ತಿದ್ದದ್ದು ಯಾಕೆ ಎಂದು ಆಗ ಅರ್ಥವಾಯಿತು. ಇದನ್ನು ಮೊದಲೇ ಹೇಳಿದ್ದರೆ ನಾವು ಯಾರೂ ಏನೂ ಅನ್ನುತ್ತಿರಲಿಲ್ಲವಲ್ಲ ಎಂದರೆ, "ನಮ್ಮನೆ ವಿಷಯ ನಿಮ್ಮ ಆಲೂಗಡ್ಡೆ ಜೊತೆ ಬೇಯಿಸ್ಕೊಳ್ಳೋಕಾ?" ಎಂದಳು. ಹೀಗಿದ್ದವಳ ಮೇಲೆ ಕನಿಕರಪಡುವುದು ಸುಲಭವಲ್ಲ.

ಆ ಮಧ್ಯಾಹ್ನವೇ ಅವಳು ಅಡುಗೆಮನೆಯ ಫೋನಿನಿಂದ ಭತ್ಯೆಯ ಇಲಾಖೆಗೆ ಫೋನ್ ಮಾಡಿದಳು. ಅವರು ಹಾಕುವ ಸಂಗೀತ ಕೇಳುತ್ತ, ರಿಸೀವರನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒಂದು ಚೀಲ ಕ್ಯಾರೆಟ್ ಹೆಚ್ಚಿ ಮುಗಿಸಿದಳು. ಕೊನೆಗೆ ಯಾರೋ ಸಿಕ್ಕರು. ಇವಳು ಕೂಲಿ ಏರಿದ್ದನ್ನು ಹೇಳಿದಳು, ಅವರು ಬರೆದುಕೊಂಡೆವು ಅಂದರು. ಭತ್ಯೆ ಮಾತ್ರ ಎಂದಿನಂತೆ ಬರುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಹೊತ್ತು ಕಡಿಮೆಯಾಯಿತು. ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಕೂಲಿ ಏರಿತು, ಮತ್ತೆ ಫೋನು, ಮತ್ತೆ ಬರೆದುಕೊಂಡೆವು. ಅದರ ಮರುವರ್ಷವೂ ಅದೇ ಕಥೆ. ಹೇಳಿದ ಮೇಲೂ ಕೊಡುತ್ತಿದ್ದಾರೆ ಎಂದರೆ ಸರಿಯಾಗಿಯೇ ಇರಬೇಕು ಎಂದು ಅವಳು ನಂಬಿದಳು. ಸರ್ಕಾರವನ್ನು ನಂಬಿದ್ದು ಅವಳ ಬದುಕಿನಲ್ಲಿ ಅದೊಂದೇ ಸಲ ಇರಬೇಕು.

ಆಮೇಲೆ ಕಾಗದ ಬಂತು. ಮೂರು ವರ್ಷ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವಳು ಗೆರೆ ದಾಟಿದ್ದಾಳೆ, ಪ್ರತಿ ವಾರ ಕೆಲವು ಪೆನ್ನಿಗಳಷ್ಟು. ಆದ್ದರಿಂದ ಅಷ್ಟೂ ವಾರದ ಪೂರ್ತಿ ಭತ್ಯೆ ವಾಪಸು ಕೊಡಬೇಕು. ಲೆಕ್ಕ ಮೂರು ಸಾವಿರ ಪೌಂಡಿಗೂ ಮೇಲೆ ಹೋಗಿತ್ತು. ಅಲ್ಲಿಗೂ ನಿಲ್ಲಲಿಲ್ಲ. ಫೋನ್ ಮಾಡಿದ್ದಕ್ಕೆ ತಮ್ಮಲ್ಲಿ ದಾಖಲೆ ಇಲ್ಲ, ಅವಳು ಗೊತ್ತಿದ್ದೂ ಮರೆಮಾಚಿದ್ದಾಳೆ ಎಂದರು. ಹಾಗೆಂದು ಒಪ್ಪಿ ಸಹಿ ಹಾಕಿದರೆ ಒಂದಿಷ್ಟು ದಂಡ ಕಟ್ಟಿಸಿಕೊಂಡು ಬಿಡುತ್ತಾರೆ. ಇಲ್ಲವಾದರೆ ಕೋರ್ಟು. ಕೋರ್ಟಿನಲ್ಲಿ ಮೋಸಗಾತಿ ಎಂದಾದರೆ ಶಾಲೆಯಲ್ಲಿ ಕೆಲಸವಿಲ್ಲ. ಮಕ್ಕಳಿರುವ ಜಾಗದಲ್ಲಿ ಅಂಥವರನ್ನು ಇಟ್ಟುಕೊಳ್ಳುವುದಿಲ್ಲ.

"ಸಹಿ ಹಾಕಿಬಿಡು ಮಾರಾಯ್ತಿ," ಎಂದಳು ಟ್ರೂಡಿ. "ದಂಡ ಕಟ್ಟಿದ್ರೆ ತಲೆನೋವು ಹೋಯ್ತು."

"ದಂಡ ಬೇಕಾದ್ರೆ ಕಟ್ತೀನಿ. ಕಳ್ಳಿ ಅಂತ ನನ್ನ ಕೈಯಾರೆ ಬರೆದುಕೊಡು ಅಂದ್ರೆ ಹೆಂಗೆ ಬರೆದುಕೊಡ್ಲಿ?"

ಸಹಿ ಹಾಕಲಿಲ್ಲ. ಅಲ್ಲಿಂದ ಇಲಾಖೆ ಅವಳ ಭತ್ಯೆಯಿಂದಲೇ ಸಾಲ ಮುರಿದುಕೊಳ್ಳಲು ಶುರುಮಾಡಿತು. ಅವಳ ಮನೆಯ ಗ್ಯಾಸಿಗೆ ಮುಂಚೆಯೇ ದುಡ್ಡು ತುಂಬಿಸುವ ಮೀಟರು. ತುಂಬಿಸದಿದ್ದರೆ ಮನೆ ತಣ್ಣಗೆ, ತಣ್ಣಗಾದರೆ ನೆವಿಲ್‌ಗೆ ಮೂರ್ಛೆ ಹೆಚ್ಚು. ಹಾಗಾಗಿ ಅವಳು ಶುಕ್ರವಾರ ಬಾಗಿಲಿಗೆ ಬರುವ ಸಾಲದವಳ ಹತ್ತಿರ ಸಾಲ ಮಾಡಿದಳು. ನಮ್ಮ ಬೀದಿಗಳಲ್ಲಿ ಆ ಹೆಂಗಸಿನ ಕಾರು ಕಂಡರೆ ಪರದೆ ಎಳೆಯುವ ಮನೆಗಳು ಹತ್ತಾರಿವೆ. ಗೇನರ್ ಪರದೆ ಎಳೆಯುವವಳಲ್ಲ, ಬಾಗಿಲು ತೆಗೆದು ಜಗಳಾಡಿಯೇ ಕೊಡುವವಳು.

ಊರಿನ ಸಲಹಾ ಕೇಂದ್ರದ ಯಾರೋ ಇವಳ ವಿಷಯ ಬರೆದು ಕಳಿಸಿದ್ದರು. ತೆರಿಗೆ, ಭತ್ಯೆ, ಮನೆಮನೆಯ ಸಾಲ ಇವುಗಳಲ್ಲಿ ಸರ್ಕಾರ ಏನು ಮಾಡುತ್ತಿದೆ ಎಂದು ವಿಚಾರಿಸಲು ಪಾರ್ಲಿಮೆಂಟಿನ ಒಂದು ಸಮಿತಿ ಕೂತಿತ್ತು. ಬಂದು ಸಾಕ್ಷಿ ಹೇಳಿ ಎಂದು ಅವರಿಂದ ಕರೆ ಬಂತು. ಜೊತೆಗೊಬ್ಬರಿಗೆ ರೈಲಿನ ಖರ್ಚನ್ನೂ ಕೊಡುತ್ತಾರಂತೆ.

"ನೀನು ಬರ್ತೀಯಾ?" ಎಂದು ಕೇಳಿದಳು, ಸಿಂಕಿನ ಕಡೆ ಮುಖ ಮಾಡಿಕೊಂಡು.

"ನಾನೇ ಯಾಕೆ?"

"ಬೇರೆ ಯಾರೂ ಇಲ್ಲ. ನಿನ್ನ ಮುಖ ನೋಡೋ ಆಸೆಗೆ ಕರೀತಿದೀನಿ ಅಂದ್ಕೊಂಡ್ಯಾ?"

ಹೋದೆ. ನೆವಿಲ್‌ನನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ಮೊಟ್ಟೆ ಸ್ಯಾಂಡ್‌ವಿಚ್ ಕಟ್ಟಿಕೊಂಡು, ಪ್ರೆಸ್ಟನ್‌ನಲ್ಲಿ ರಾಜಧಾನಿಗೆ ಹೋಗುವ ರೈಲು ಹತ್ತಿದೆವು. ಅವಳಿಗೆ ಬೇಕಾದದ್ದು ಒಂದೇ: ಆ 'ಮರೆಮಾಚಿದ್ದಾಳೆ' ಎಂಬ ಮಾತನ್ನು ತೆಗೆಸಬೇಕು. ದೇಶದ ಕಾನೂನು ಮಾಡುವವರೇ ಕೂತು ಕೇಳುತ್ತಾರೆ, ಅವರಿಗೆ ಹೇಳಿದರೆ ಆಗದೇ ಇರುತ್ತದೆಯೇ ಎಂದು ನನಗೂ ಅನಿಸಿತ್ತು. ನಮ್ಮ ಕಡೆಯವರು ಮಾಡುವ ತಪ್ಪೇ ಇದು. ದೂರದಲ್ಲಿ ಕೂತವರನ್ನು ವರ್ಷವೆಲ್ಲ ಬಾಯಿಗೆ ಬಂದಂತೆ ಬೈಯುತ್ತೇವೆ, ಅವರು ಕರೆದ ದಿನ ಮಾತ್ರ ಒಳ್ಳೆಯ ಕೋಟು ಹಾಕಿಕೊಂಡು ಹೋಗುತ್ತೇವೆ.

ಸಮಿತಿಯ ಕೋಣೆಯಲ್ಲಿ ಸದಸ್ಯರು ಕುದುರೆ ಲಾಳದ ಹಾಗೆ ಸುತ್ತ ಕೂತಿದ್ದರು. ನಡುವೆ ಅಧ್ಯಕ್ಷ ಪೆಟಿಫರ್, ನಯವಾದ ಮುದುಕ. ಅವರಿಗೆ ಎದುರಾಗಿ ಸಾಕ್ಷಿಯ ಕುರ್ಚಿ. ನನ್ನನ್ನು ಹಿಂದೆ, ಜನ ಕೂರುವ ಕಡೆ ಕೂರಿಸಿದರು. ಇವಳದು ಮುಗಿದ ಮೇಲೆ ಅದೇ ಕುರ್ಚಿಗೆ ಆ ಇಲಾಖೆಯ ಮಂತ್ರಿ ಬರುವವರಿದ್ದರು. ಒಳಗೆ ಬಿಡುವ ಮುಂಚೆ ಸಮಿತಿಯ ಗುಮಾಸ್ತ ಅವಳಿಗೆ ನೀರು ಕೊಟ್ಟು, "ನಿಮ್ಮ ಮಾತಲ್ಲೇ ಹೇಳಿ, ಅಳು ಬಂದ್ರೂ ಪರವಾಗಿಲ್ಲ," ಎಂದಿದ್ದ.

"ಅಳೋಕೆ ಇಷ್ಟು ದೂರ ಯಾಕೆ ಬರ್ಬೇಕು?" ಎಂದು ಇವಳು ಲೋಟ ವಾಪಸು ಕೊಟ್ಟಿದ್ದಳು.

ಒಬ್ಬ ಸದಸ್ಯ ಕೇಳಿದ: "ಸಾಲ ಇಷ್ಟೊಂದು ಆಗೋ ಮೊದಲೇ ನೀವು ಯಾರ ಹತ್ರಾನಾದ್ರೂ ಸಲಹೆ ಪಡೀಬಹುದಿತ್ತಲ್ವಾ?"

"ಸಾಲ ಮಾಡಿದ್ದೇ ನಿಮಗೆ ಕೊಡೋಕೆ. ನೀವು ಮುರ್ಕೊಳ್ಳೋದು ನಿಲ್ಲಿಸಿ, ನಾನು ಸಾಲ ನಿಲ್ಲಿಸ್ತೀನಿ. ಇದಕ್ಕೆ ಸಲಹೆ ಬೇರೆ ಬೇಕಾ?"

"ಬಾಗಿಲಿಗೆ ಬರೋ ಸಾಲದವರ ಬಡ್ಡಿ ತುಂಬಾ..."

"ಬಡ್ಡಿ ಜಾಸ್ತೀನೇ. ಆದ್ರೆ ಅವಳು ಬಂದು ಮುಖ ತೋರಿಸ್ತಾಳೆ. ನೆವಿಲ್ ಹೆಂಗಿದಾನೆ ಅಂತ ಕೇಳ್ತಾಳೆ. ನಿಮ್ಮ ಇಲಾಖೆಯೋರ ಮುಖ ನಾನಿನ್ನೂ ನೋಡಿಲ್ಲ."

ಹಿಂದೆ ಕೂತಿದ್ದವರು ನಕ್ಕರು. ಲಾಳದ ಎಡತುದಿಯಲ್ಲಿ ಫಿಲಿಪಾ ಮಾರ್ಡನ್ ಎಂಬ ಸದಸ್ಯೆ ಇದ್ದರು, ಸರ್ಕಾರದ ಪಕ್ಷದವರೇ. ನೆವಿಲ್ ಒಲೆಯ ಮೇಲೆ ಬಿದ್ದದ್ದನ್ನು ಗೇನರ್ ಹೇಳಿದಾಗ ಅವರ ಕಣ್ಣು ನಿಜವಾಗಿ ತುಂಬಿತು. ಅವರು ಮುಂದಕ್ಕೆ ಬಾಗಿ, "ಮಿಸೆಸ್ ಥ್ರೆಲ್‌ಫಾಲ್, ಇದು ನಾಚಿಕೆಗೇಡು. ಈ ಗೆರೆ ಕೂಲಿಯ ಜೊತೆಗೇ ಏರಬೇಕಿತ್ತು. ನಿಮ್ಮಂಥವರಿಗೆ ಹೀಗಾಗಬಾರದಿತ್ತು," ಎಂದರು. ನನ್ನ ಎದೆ ಹಗುರಾಯಿತು. ಗೇನರ್ ಕೂಡ ಮೊದಲ ಸಲ ಸ್ವರ ತಗ್ಗಿಸಿ, "ಹಂಗಾದ್ರೆ ಆ ಮಾತು ತೆಗೆಸಿ ಮೇಡಂ. ನಾನು ಮುಚ್ಚಿಟ್ಟೆ ಅಂತ ಬರೆದಿದಾರಲ್ಲ..." ಎಂದು ಶುರುಮಾಡಿದಳು.

ಅಷ್ಟರಲ್ಲಿ ಗಂಟೆ ಬಾರಿಸಿತು. ಗೋಡೆಯೊಳಗಿಂದ ಬಂದಂತೆ ಕಟ್ಟಡವೆಲ್ಲ ಕಿರಗುಟ್ಟತೊಡಗಿತು. ಸದನದಲ್ಲಿ ಮತ ಹಾಕುವ ಗಂಟೆ. ಅದು ಹೊಡೆದರೆ ಯಾರು ಎಲ್ಲಿದ್ದರೂ ಎದ್ದು ಓಡಬೇಕು. "ಸಭೆಗೆ ಸ್ವಲ್ಪ ಹೊತ್ತು ವಿರಾಮ," ಎಂದರು ಪೆಟಿಫರ್. ಕುರ್ಚಿಗಳು ಸರಿದವು, ಎಲ್ಲರೂ ಹೊರಟರು. ಗೇನರ್‌ಳ ವಾಕ್ಯ ಅರ್ಧಕ್ಕೆ ನಿಂತಿತು. ಫಿಲಿಪಾ ಮಾರ್ಡನ್ ಹೋಗುವಾಗ ಅವಳ ಭುಜ ತಟ್ಟಿ ಹೋದರು.

ಬಾಗಿಲಲ್ಲಿ ಕೋಟು ಹಾಕಿಕೊಂಡು ನಿಂತಿದ್ದ ಸೇವಕನನ್ನು ನಾನು ಕೇಳಿದೆ. "ಯಾವುದಕ್ಕೆ ಮತ ಹಾಕ್ತಿದಾರೆ?"

"ಇವತ್ತು ಭತ್ಯೆಗಳ ವಿಷಯಾನೇ ಕಣಮ್ಮ. ಆರೈಕೆ ಮಾಡೋರ ಆದಾಯದ ಮಿತಿ ಇದೆಯಲ್ಲ, ಅದನ್ನ ಕೂಲಿ ಏರಿದ ಹಾಗೆಲ್ಲ ಏರಿಸ್ಬೇಕು ಅಂತ ವಿರೋಧ ಪಕ್ಷದೋರು ತಿದ್ದುಪಡಿ ತಂದಿದಾರೆ."

"ಮತ ಹೆಂಗೆ ಹಾಕ್ತಾರೆ?"

"ನಡೆದು. ಹೌದು ಅನ್ನೋರಿಗೊಂದು ಬಾಗಿಲು, ಇಲ್ಲ ಅನ್ನೋರಿಗೊಂದು. ಯಾವುದರಲ್ಲಿ ಹಾದು ಹೋದ್ರೋ ಅದೇ ಅವರ ಮತ."

ನಾನು ಬಂದು ಗೇನರ್‌ಗೆ ಹೇಳಿದೆ. ಹೇಳಬಾರದಿತ್ತು ಎಂದು ನನಗೆ ಇವತ್ತಿಗೂ ಅನಿಸಿಲ್ಲ.

ಅವರೆಲ್ಲ ವಾಪಸು ಬಂದರು. ಕೆಲವರ ಕೈಯಲ್ಲಿ ಚಹಾ. ತಿದ್ದುಪಡಿ ಬಿದ್ದುಹೋಗಿದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಮಾಡಿದರು. ಪೆಟಿಫರ್ ಗಡಿಯಾರ ನೋಡಿ, "ನಮ್ಮ ಸಮಯ ಮುಗಿಯಿತು. ಮಂತ್ರಿಗಳು ಕಾಯ್ತಿದಾರೆ. ಮಿಸೆಸ್ ಥ್ರೆಲ್‌ಫಾಲ್, ನಿಮ್ಮ ಸಾಕ್ಷ್ಯ ನಮ್ಮ ಮನಸ್ಸು ತಟ್ಟಿತು. ತುಂಬಾ ಧನ್ಯವಾದ," ಎಂದರು. ಎದ್ದು ಹೋಗು ಎನ್ನುವುದನ್ನು ಇಷ್ಟು ಚೆನ್ನಾಗಿ ಹೇಳುವುದನ್ನು ಇವರಿಂದಲೇ ಕಲಿಯಬೇಕು.

ಗೇನರ್ ಏಳಲಿಲ್ಲ. ಎಡತುದಿಯ ಕಡೆ ತಿರುಗಿದಳು.

"ಮೇಡಂ, ನೀವು ಯಾವ ಬಾಗಿಲಿಂದ ಹೋಗಿ ಬಂದ್ರಿ?"

ಪೆಟಿಫರ್ ಮೆಲ್ಲಗೆ ಕೆಮ್ಮಿದರು. "ಮಿಸೆಸ್ ಥ್ರೆಲ್‌ಫಾಲ್, ಇಲ್ಲಿನ ಪದ್ಧತಿ ಏನಂದ್ರೆ, ಪ್ರಶ್ನೆ ಕೇಳೋರು ನಾವು. ಸಾಕ್ಷಿಗಳು ಕೇಳೋ ಹಾಗಿಲ್ಲ."

"ಕೇಳಿ ಆಯ್ತು. ಅವರು ಹೇಳ್ಲಿ."

ಫಿಲಿಪಾ ಮಾರ್ಡನ್ ಕೆಂಪಾದರು. "ಅದು ಅಷ್ಟು ಸರಳ ಅಲ್ಲ ಮಿಸೆಸ್ ಥ್ರೆಲ್‌ಫಾಲ್. ಪಕ್ಷ ಅಂದ ಮೇಲೆ ಒಂದು ಶಿಸ್ತು ಇರುತ್ತೆ. ನನ್ನ ಸ್ವಂತ ಅಭಿಪ್ರಾಯ ನಿಮಗೆ ಆಗಲೇ ಹೇಳಿದೀನಿ."

"ಆ ಅಭಿಪ್ರಾಯ ಬಾಗಿಲ ಹತ್ರ ಬಂದಾಗ ಎಲ್ಲಿ ಹೋಗಿತ್ತು?" ಗೇನರ್ ಈಗ ಕೂಗುತ್ತಿರಲಿಲ್ಲ, ಅದೇ ಭಯವಾಗುವಂತಿತ್ತು. "ತಪ್ಪು ಅಂತ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ರಿ. ನಿಮಗೆ ಯಾರೂ ಕಾಗದ ಕಳಿಸಲ್ವಾ?"

"ಆರ್ಡರ್," ಎಂದರು ಪೆಟಿಫರ್. ನಯ ಹೋಗಿತ್ತು. "ನೋಡಿ, ಈ ಸಮಿತಿ ನೀತಿಯನ್ನ ಪರಿಶೀಲಿಸುತ್ತೆ. ಒಬ್ಬೊಬ್ಬರ ಕೇಸಿನ ಒಳಗೆ ನಾವು ಕೈ ಹಾಕೋ ಹಾಗಿಲ್ಲ. ನಿಮ್ಮ ಮೇಲೆ ಆರೋಪ ಇದ್ರೆ ಅದಕ್ಕೆ ಕೋರ್ಟಿದೆ. ಅಲ್ಲಿ ಹೇಳಿಕೊಳ್ಳಿ."

"ಹಂಗಾದ್ರೆ ನನ್ನನ್ನ ಯಾಕೆ ಕರೆಸಿದ್ರಿ?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರ ವರದಿಗೆ ಒಂದು ಕಣ್ಣೀರಿನ ಪುಟ ಬೇಕಿತ್ತು, ಇವಳು ಅದಕ್ಕೂ ಒದಗಲಿಲ್ಲ. ಗುಮಾಸ್ತ ಬಂದು ಅವಳ ಮೊಣಕೈ ಹಿಡಿದ. ಅವಳು ಕೊಡವಿಕೊಂಡು ತಾನೇ ಎದ್ದು ನನ್ನ ಪಕ್ಕ ಬಂದು ಕೂತಳು.

ಮಂತ್ರಿ ಬಂದು ಆ ಕುರ್ಚಿಯಲ್ಲಿ ಕೂತರು. ಮೋಸವನ್ನು ಹಿಡಿಯುವುದರಲ್ಲಿ ತಮ್ಮ ಇಲಾಖೆ ಎಷ್ಟು ಚುರುಕು ಎಂದು ಹೇಳುವ ಭರದಲ್ಲಿ ಅವರೇ ಬಾಯಿಬಿಟ್ಟರು: "ತೆರಿಗೆ ಇಲಾಖೆಯ ಯಂತ್ರ ಪ್ರತಿಯೊಬ್ಬರ ಸಂಬಳವನ್ನ ತಿಂಗಳು ತಿಂಗಳು ನಮಗೆ ಕಳಿಸುತ್ತೆ. ಯಾರು ಮಿತಿ ದಾಟಿದ್ರೂ ನಮಗೆ ತಕ್ಷಣ ಗೊತ್ತಾಗುತ್ತೆ."

"ಗೊತ್ತಾದ ಮೇಲೆ ಅವರಿಗೆ ತಿಳಿಸ್ತೀರಾ?" ಎಂದು ಪೆಟಿಫರ್ ಕೇಳಿದರು.

"ಸಿಬ್ಬಂದಿ ಇದ್ದ ಹಾಗೆ ನೋಡ್ತೀವಿ."

ಗೇನರ್ ನನ್ನ ಕೈಯನ್ನು ಉಗುರು ನಾಟುವಂತೆ ಹಿಡಿದಳು. ಅವರಿಗೆ ಎಲ್ಲ ಗೊತ್ತಿದ್ದರೆ ಇವಳು ಮುಚ್ಚಿಟ್ಟದ್ದು ಯಾರಿಂದ? ಮಂತ್ರಿಯ ಬಾಯಿಂದಲೇ ಬಂದಿದೆ, ಇನ್ನೇನು ಬೇಕು ಎಂದುಕೊಂಡು ನಾವು ಊರಿಗೆ ಮರಳಿದೆವು. ಮನೆ ಬಾಗಿಲಲ್ಲಿ ನೆವಿಲ್, "ರಾಣಿ ಸಿಕ್ಕಿದ್ಲಾ?" ಎಂದು ಕೇಳಿದ. "ಇಲ್ಲ ಕಣೋ, ಬರೀ ಸೇವಕರು," ಎಂದಳು ಗೇನರ್.

ಕೇಸು ಬ್ಲ್ಯಾಕ್‌ಪೂಲಿನ ಕೋರ್ಟಿನಲ್ಲಿ ಬಂತು. ನಾವಿಬ್ಬರೂ ಟ್ರಾಮ್ ಹಿಡಿದು ಹೋದೆವು. ಅವಳಿಗೆ ಸಿಕ್ಕ ವಕೀಲೆ ಭಾಮ್‌ಜಿ ಎಂಬ ಬ್ಲ್ಯಾಕ್‌ಬರ್ನ್ ಕಡೆಯ ಹೆಣ್ಣುಮಗಳು, ಚುರುಕಾಗಿದ್ದಳು. ಎದುರಿಗೆ ಮೂವರು ನ್ಯಾಯಾಧೀಶರು; ಇಂಥ ಸಣ್ಣ ಕೋರ್ಟಿಗೆ ವಕೀಲಿ ಓದದ ಊರಿನವರನ್ನೇ ಕೂರಿಸುತ್ತಾರೆ. ನಡುವೆ ಕೂತ ಬಿಳಿಗೂದಲಿನ ಹೆಂಗಸು ಹಿಂದೆ ಹೂವಿನ ಅಂಗಡಿ ಇಟ್ಟಿದ್ದವರಂತೆ. ನಾನು ಸಾಕ್ಷಿ ಹೇಳಿದೆ, ಅವಳು ಫೋನ್ ಮಾಡಿದ್ದನ್ನು ಕಿವಿಯಾರೆ ಕೇಳಿದ್ದೇನೆ ಎಂದೆ. ಇಲಾಖೆಯ ವಕೀಲ, "ಆ ಕಡೆ ಇದ್ದವರು ಯಾರು ಅಂತ ನಿಮಗೆ ಗೊತ್ತಾ?" ಎಂದ. ಗೊತ್ತಿಲ್ಲ ಎಂದೆ. "ನಿಮ್ಮಲ್ಲಿ ಯಾರಿಗೂ ಹೆಸರು ಇರಲ್ವಲ್ಲ," ಎಂದೂ ಸೇರಿಸಿದೆ. ಅದನ್ನು ಬರೆದುಕೊಳ್ಳಬೇಡಿ ಎಂದು ಅವನು ಕೇಳಿಕೊಂಡ.

ಆಮೇಲೆ ಭಾಮ್‌ಜಿ ಎದ್ದು ಮಂತ್ರಿ ಸಮಿತಿಯ ಮುಂದೆ ಆಡಿದ ಮಾತನ್ನು ಓದಲು ಹೊರಟಳು. ಇಲಾಖೆಯ ವಕೀಲ ಚಂಗನೆ ಎದ್ದ. ಪಾರ್ಲಿಮೆಂಟಿನ ಒಳಗೆ ಆಡಿದ ಮಾತನ್ನು ಹೊರಗಿನ ಯಾವ ಕೋರ್ಟೂ ಎತ್ತಿ ಪ್ರಶ್ನಿಸುವಂತಿಲ್ಲ, ಮುನ್ನೂರು ವರ್ಷಕ್ಕೂ ಹಳೆಯ ಕಾನೂನು ಎಂದ. ನ್ಯಾಯಾಧೀಶರು ತಲೆ ತಲೆ ಸೇರಿಸಿ ಮಾತಾಡಿ, ಹೌದು, ಓದುವ ಹಾಗಿಲ್ಲ ಎಂದರು. ನಾನು ಕೂತಲ್ಲೇ ಕುದಿದುಹೋದೆ. ಅಲ್ಲಿ ಏನು ಬೇಕಾದರೂ ಬೊಗಳಬಹುದು, ಇಲ್ಲಿ ಅದಕ್ಕೆ ಉತ್ತರ ಕೊಡಬೇಕಿಲ್ಲ. ಗೇನರ್‌ಳ ಮುಖ ಬಿಳುಚಿಕೊಂಡಿತ್ತು. ಕೆಲಸ ಹೋಯಿತು ಎಂದು ಅವಳು ಆಗಲೇ ಲೆಕ್ಕ ಹಾಕಿದ್ದಳೆಂದು ಕಾಣುತ್ತದೆ.

ಬಿಳಿಗೂದಲಿನ ಹೆಂಗಸು ಕನ್ನಡಕ ತೆಗೆದರು. "ಮಂತ್ರಿಗಳ ಮಾತು ಆ ಕಡೆ ಇರಲಿ. ನಾನು ನಿಮ್ಮನ್ನೇ ಕೇಳ್ತೀನಿ," ಎಂದರು ಇಲಾಖೆಯ ವಕೀಲನಿಗೆ. "ಇವರ ಸಂಬಳ ಆ ಮೂರು ವರ್ಷ ತಿಂಗಳು ತಿಂಗಳು ನಿಮ್ಮ ಇಲಾಖೆಗೆ ಬರ್ತಿತ್ತೋ ಇಲ್ಲವೋ?"

ಅವನು ಹಿಂದೆ ತಿರುಗಿ ಇಲಾಖೆಯವನ ಜೊತೆ ಪಿಸುಗುಟ್ಟಿದ. ಮತ್ತೆ ಪಿಸುಗುಟ್ಟಿದ.

"ಬರ್ತಿತ್ತು ಮೇಡಂ."

"ಹಾಗಾದ್ರೆ ಇವರು ನಿಮ್ಮಿಂದ ಏನನ್ನ ಮರೆಮಾಚಿದ್ರು?"

ಅವನು ಕಾಗದ ತಿರುವತೊಡಗಿದ. ನ್ಯಾಯಾಧೀಶರು ಮೂವರೂ ಒಳಗೆ ಹೋಗಿ ಬೇಗನೆ ಬಂದರು. ಮಿಸೆಸ್ ಥ್ರೆಲ್‌ಫಾಲ್ ಏನನ್ನೂ ಮರೆಮಾಚಿಲ್ಲ, ಅವರು ನಿರ್ದೋಷಿ ಎಂದು ಬಿಳಿಗೂದಲಿನ ಹೆಂಗಸು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಅತ್ತೆ, ನಾಚಿಕೆ ಏನಿಲ್ಲ. ಗೇನರ್ ಅಳಲಿಲ್ಲ. ಕಟಕಟೆಯಲ್ಲೇ ನಿಂತಿದ್ದಳು.

"ನೀವಿನ್ನು ಹೋಗಬಹುದು," ಎಂದರು ಅವರು, ಪ್ರೀತಿಯಿಂದಲೇ.

"ಇನ್ನು ಮುರ್ಕೊಳ್ಳಲ್ಲ ತಾನೇ?"

"ಏನನ್ನ?"

"ನನ್ನ ಭತ್ಯೇಲಿ. ಆ ಮೂರು ಸಾವಿರ. ನಾನು ಮುಚ್ಚಿಟ್ಟಿಲ್ಲ ಅಂತ ಆಯ್ತಲ್ಲ."

ಇಲಾಖೆಯ ವಕೀಲ ಈಗ ಮೆಲ್ಲಗೆ ಎದ್ದು, ಮೋಸ ಮಾಡಿರಲಿ ಬಿಡಲಿ, ಗೆರೆ ದಾಟಿದ್ದಂತೂ ನಿಜ, ಆದ್ದರಿಂದ ಸಾಲ ಹಾಗೇ ಇರುತ್ತದೆ ಎಂದ. ಕಾನೂನು ಹಾಗೇ ಇದೆಯಂತೆ. ಬಿಳಿಗೂದಲಿನ ಹೆಂಗಸು ಪಕ್ಕದವರ ಮುಖ ನೋಡಿದರು, ಎದುರಿನ ಪುಸ್ತಕ ತೆರೆದರು, ಮುಚ್ಚಿದರು. ಅವರಿಗೂ ಸಂಕಟವಾಗಿತ್ತು, ಇಲ್ಲವೆನ್ನಲಾರೆ.

"ಕ್ಷಮಿಸಿ ಮಿಸೆಸ್ ಥ್ರೆಲ್‌ಫಾಲ್. ಈ ಕಾನೂನು ಬದಲಾಯಿಸೋ ಅಧಿಕಾರ ನಮಗಿಲ್ಲ. ಅದೇನಿದ್ರೂ ಪಾರ್ಲಿಮೆಂಟಲ್ಲಿ ಹೇಳಬೇಕು ನೀವು."

"ಹೇಳಿ ಬಂದೆ ಮೇಡಂ," ಎಂದಳು ಗೇನರ್. "ಅವರೇ ನಿಮ್ಮ ಹತ್ರ ಕಳಿಸಿದ್ದು."

ಯಾರೂ ನಗಲಿಲ್ಲ. ಕೋರ್ಟಿನ ಗುಮಾಸ್ತ ಮುಂದಿನ ಹೆಸರು ಕೂಗಿದ.